ಒಂದು ದಿನದ ಕೂಸಿಗೆ ಎಷ್ಟು ‘ನಾರ್ಮಲ್’?

ಪ್ರೊಕ್ಯಾಲ್ಸಿಟೋನಿನ್ ರಿಪೋರ್ಟಿನ ಬಲತುದಿಯಲ್ಲಿ ಹೆಚ್ಚಾಗಿ ಒಂದೇ ಮಿತಿ ಅಚ್ಚಾಗಿರುತ್ತದೆ: ಮಿಲಿಲೀಟರಿಗೆ 0.5 ನ್ಯಾನೋಗ್ರಾಂಗಿಂತ ಕಡಿಮೆ. ಸೋಂಕಿಗೆ ದೇಹ ಹದಮೀರಿ ಸ್ಪಂದಿಸಿ ಅಂಗಾಂಗಗಳೇ ಕೆಡುವ ಸೆಪ್ಸಿಸ್‌ನಲ್ಲಿ ಈ ಪ್ರೋಟೀನ್ ಏರುತ್ತದೆಂದು 1993ರಲ್ಲಿ ಫ್ರೆಂಚ್ ಸಂಶೋಧಕರು ತೋರಿಸಿದರು. ದೊಡ್ಡವರಿಗೆ ಆ ಮಿತಿ ಸರಿಯೇ. ಹುಟ್ಟಿ 24 ಗಂಟೆಯಾದ ಕೂಸಿಗೆ ಅಲ್ಲ. ಯಾವ ಸೋಂಕೂ ಇಲ್ಲದ ಶಿಶುವಿನಲ್ಲೂ ಮೊದಲ ದಿನ ಅದು ತಾನಾಗಿಯೇ ಏರಿ, ಕೆಲವರಲ್ಲಿ 10 ದಾಟಿ, ಮೂರ್ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ಅಚ್ಚಾದ ಅಂಕಿಯನ್ನೇ ನಂಬಿದರೆ ಗಟ್ಟಿಮುಟ್ಟಾದ ಮಗುವಿಗೂ ಆ್ಯಂಟಿಬಯಾಟಿಕ್ ಶುರುವಾಗುತ್ತದೆ.

ಪದ್ಮನಾಭನಗರದ ಲ್ಯಾಬೊಂದಕ್ಕೆ ಹೊಸದಾಗಿ ಸೇರಿದ ಟೆಕ್ನಿಷಿಯನ್‌ಗಳಿಗಾಗಿ, ವಯಸ್ಸಿಗೆ ತಕ್ಕ ಮಿತಿ ಗೊತ್ತುಮಾಡುವ ಕ್ರಮ ಇಲ್ಲಿದೆ.

ಹಂತ 1: ವಯಸ್ಸನ್ನು ವಿಂಗಡಿಸಿ. ಮೊದಲ ಮೂರು ದಿನಕ್ಕೆ ಗಂಟೆಯ ಲೆಕ್ಕ: 0–12, 12–24, 24–48, 48–72. ಆಮೇಲೆ ತಿಂಗಳು, ವರ್ಷ. ಹುಟ್ಟಿದ ದಿನಾಂಕವಷ್ಟೇ ಇರುವ ಫಾರಂ ಸಾಲದು. ಹೆರಿಗೆಯಾದ ಗಂಟೆ, ರಕ್ತ ತೆಗೆದ ಗಂಟೆ ಎರಡೂ ಬೇಕು. ದಿನ ತುಂಬದೆ ಹುಟ್ಟಿದವರದು ಬೇರೆಯೇ ಗುಂಪು.

ಹಂತ 2: ನೈತಿಕ ಸಮಿತಿಯ ಅನುಮತಿ ಪಡೆಯಿರಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯ ಜೊತೆಗೆ 7 ದಾಟಿದ ಮಕ್ಕಳ ಸಮ್ಮತಿಯೂ ಬೇಕು. 12 ದಾಟಿದರೆ ಬರವಣಿಗೆಯಲ್ಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಯಾರಬ್ ನಗರದ ತಾಯಿಗೆ ಉರ್ದುವಿನಲ್ಲೂ ಸಿಗಲಿ.

ಹಂತ 3: ಆರೋಗ್ಯವಂತರನ್ನು ಆರಿಸಿ. ಇಡೀ ಕೆಲಸ ಕೆಡುವುದು ಇಲ್ಲಿಯೇ. ಹೆರಿಗೆಯ ವೇಳೆ ತಾಯಿಗೆ ಜ್ವರವಿತ್ತೇ, ನೀರು ಒಡೆದು 18 ಗಂಟೆ ಮೀರಿತ್ತೇ, ಕೂಸು ಹುಟ್ಟಿದ ತಕ್ಷಣ ಅಳದೆ ಉಸಿರಿಗೆ ಒದ್ದಾಡಿತ್ತೇ ಎಂದು ಕೇಳಿ. ಯಾವುದಕ್ಕಾದರೂ ಹೌದು ಎಂದರೆ ಕೈಬಿಡಿ. ದೊಡ್ಡ ಮಕ್ಕಳಲ್ಲಿ ಇತ್ತೀಚಿನ ಜ್ವರ, ಶಸ್ತ್ರಚಿಕಿತ್ಸೆ, ಆ್ಯಂಟಿಬಯಾಟಿಕ್ ವಿಚಾರಿಸಿ. 6, 10, 14ನೇ ವಾರದ ಲಸಿಕೆಗೆ ಬರುವ ಮಕ್ಕಳು ಒಳ್ಳೆಯ ಆಯ್ಕೆ. ಆದರೆ ರಕ್ತ ತೆಗೆಯುವುದು ಲಸಿಕೆಗೆ ಮೊದಲು. ಲಸಿಕೆಯಿಂದಲೂ ಉರಿಯೂತದ ಅಂಕಿಗಳು ಏರುತ್ತವೆ. ವಾರದ ನಂತರ ಮನೆಗೆ ಫೋನ್ ಮಾಡಿ. ಅಷ್ಟರಲ್ಲಿ ಕಾಯಿಲೆ ಬಿದ್ದ ಮಗುವಿನ ಅಂಕಿ ತೆಗೆದುಹಾಕಿ.

‘ಕಂಪ್ಯೂಟರಿನಲ್ಲಿ ಸಾವಿರಾರು ಹಳೆಯ ರಿಪೋರ್ಟುಗಳಿವೆಯಲ್ಲ ಸಾರ್’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಿಮೋಗ್ಲೋಬಿನ್‌ಗೆ ಆ ದಾರಿ ನಡೆದೀತು. ಪ್ರೊಕ್ಯಾಲ್ಸಿಟೋನಿನ್ ಬರೆಸಿಕೊಂಡು ಬರುವವರು ಸೆಪ್ಸಿಸ್ ಅನುಮಾನವಿದ್ದವರೇ; ಆ ರಾಶಿಯಲ್ಲಿ ಆರೋಗ್ಯವಂತರನ್ನು ಎಲ್ಲಿ ಹುಡುಕುತ್ತೀರಿ?

ಹಂತ 4: ಯಂತ್ರ, ಕಿಟ್ ಕೊನೆಯವರೆಗೂ ಬದಲಾಗಬಾರದು. ಕಂಟ್ರೋಲ್ (ಅಂಕಿ ಮೊದಲೇ ಗೊತ್ತಿರುವ ಮಾದರಿ) ಓಡಿಸದ ದಿನದ ಫಲಿತಾಂಶ ಸೇರಿಸಬೇಡಿ.

ಹಂತ 5: ಲೆಕ್ಕ ಹಾಕಿ. ಪ್ರತಿ ವಯೋಗುಂಪಿಗೂ ಕನಿಷ್ಠ 120 ಮಂದಿ ಬೇಕೆನ್ನುತ್ತದೆ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಇಪಿ28 ಮಾರ್ಗಸೂಚಿ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆಯಿರಿ: 3ನೆಯದು ಕೆಳಮಿತಿ, 118ನೆಯದು ಮೇಲ್ಮಿತಿ. ಮೇಲ್ಮಿತಿಯೊಂದೇ ನಮಗೆ ಮುಖ್ಯ, ಕಡಿಮೆಯಿದ್ದರೆ ಚಿಂತೆಯಿಲ್ಲ. ಈ ಅಂಕಿಗಳ ಬಾಲ ಮೇಲ್ಗಡೆಗೆ ಉದ್ದವಾಗಿರುವುದರಿಂದ, ವಿಪರೀತ ಅಂಕಿಗಳನ್ನು ಗುರುತಿಸುವ ಮೊದಲು ಲಾಗರಿದಮ್‌ಗೆ ಬದಲಿಸಿ. ಕಣ್ಣಳತೆಯಲ್ಲಿ ಅಳಿಸುವುದು ಬೇಡ.

ಹಂತ 6: 120 ಸಿಗದಿದ್ದರೆ? ಬಡಾವಣೆಯ ಲ್ಯಾಬಿಗೆ ಸಿಗುವುದೂ ಇಲ್ಲ. ವಾಣಿ ವಿಲಾಸದಂಥ ದೊಡ್ಡ ಹೆರಿಗೆ ಆಸ್ಪತ್ರೆಯೊಡನೆ ಕೈಜೋಡಿಸಿದರೆ ಮಾತ್ರ ಆದೀತು. ಇಲ್ಲವಾದರೆ ಬೇರೆಯವರು ಪ್ರಕಟಿಸಿದ ಮಿತಿಯನ್ನು ಪರೀಕ್ಷಿಸಿ ತೆಗೆದುಕೊಳ್ಳಿ. ರೋಮ್‌ನ ಸಂಶೋಧಕರು 1998ರಲ್ಲಿ ನವಜಾತರಿಗೆ ಗಂಟೆವಾರು ಮಿತಿ ಪ್ರಕಟಿಸಿದ್ದಾರೆ; ಅದರಲ್ಲಿ 24 ಗಂಟೆಯ ಆಸುಪಾಸಿನ ಮೇಲ್ಮಿತಿ ಸುಮಾರು 20 ನ್ಯಾನೋಗ್ರಾಂ. ನಿಮ್ಮ ಕಡೆಯ, ಅದೇ ವಯಸ್ಸಿನ 20 ಆರೋಗ್ಯವಂತ ಮಕ್ಕಳನ್ನು ಪರೀಕ್ಷಿಸಿ. ಮಿತಿಯ ಹೊರಗೆ ಬಿದ್ದವರು ಇಬ್ಬರು ಅಥವಾ ಕಡಿಮೆಯಾದರೆ ಒಪ್ಪಿಕೊಳ್ಳಿ. ಮೂವರು ನಾಲ್ವರಾದರೆ ಇನ್ನೂ 20 ಮಕ್ಕಳ ರಕ್ತ ನೋಡಿ. ಐವರು ಅಥವಾ ಹೆಚ್ಚಾದರೆ ಆ ಮಿತಿ ನಿಮಗೆ ಹೊಂದುವುದಿಲ್ಲ. ನನ್ನನ್ನು ಕೇಳಿದರೆ ಸಣ್ಣ ಲ್ಯಾಬಿಗೆ ಇದೇ ಪ್ರಾಮಾಣಿಕ ದಾರಿ.

ಹಂತ 7: ರಿಪೋರ್ಟಿನಲ್ಲಿ ಮಗುವಿನ ವಯಸ್ಸನ್ನು ಗಂಟೆಯಲ್ಲಿ, ಅದರ ಪಕ್ಕದಲ್ಲೇ ಆ ಗಂಟೆಯ ಮಿತಿಯನ್ನು ಅಚ್ಚು ಹಾಕಿಸಿ. ಮಿತಿಯೊಳಗಿದೆ ಎಂದ ಮಾತ್ರಕ್ಕೆ ಸೆಪ್ಸಿಸ್ ಇಲ್ಲವೆಂದು ಅರ್ಥವಲ್ಲ ಎಂಬ ಸಾಲೂ ಕೆಳಗಿರಲಿ. ಹಾಲು ಬಿಟ್ಟ, ಮೈ ತಣ್ಣಗಾದ ಕೂಸನ್ನು ಈ ರಿಪೋರ್ಟಿಗೆ ಕಾಯದೆ ವೈದ್ಯರಿಗೆ ತೋರಿಸಲೇಬೇಕು.