ಇಬಿವಿ ಪಾಸಿಟಿವ್ ಬಂದರೆ ಸಂಧಿವಾತದ ಮಾತ್ರೆ ಬಿಡಬೇಕೆ?

ಪ್ರಶ್ನೆ: ನನಗೆ 42 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ. ಈಚಿನ ರಕ್ತಪರೀಕ್ಷೆಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ಐಜಿಜಿ ಪಾಸಿಟಿವ್ ಬಂದಿದೆ. ನನ್ನ ಕಾಯಿಲೆಗೆ ಈ ವೈರಸ್ಸೇ ಮೂಲವೇ? ಹಾಗಿದ್ದರೆ ಈ ಮಾತ್ರೆ ಬಿಟ್ಟು ವೈರಸ್ಸಿಗೇ ಔಷಧ ತೆಗೆದುಕೊಳ್ಳಬಹುದೇ?

ಉತ್ತರ: ಮಾತ್ರೆಯನ್ನು ದಯವಿಟ್ಟು ಬಿಡಬೇಡಿ. ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಈ ವರದಿ ಪಾಸಿಟಿವ್ ಬರುತ್ತದೆ. ಬಹುತೇಕ ಎಲ್ಲರಿಗೂ ಬಾಲ್ಯದಲ್ಲೋ ಹರೆಯದಲ್ಲೋ ಎಂಜಲಿನ ಮೂಲಕ ಈ ಸೋಂಕು ತಗಲಿರುತ್ತದೆ. ಜ್ವರ ಇಳಿದರೂ ವೈರಸ್ ಹೋಗುವುದಿಲ್ಲ. ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳೊಳಗೆ ಜೀವನಪೂರ್ತಿ ಸುಪ್ತವಾಗಿ ಉಳಿಯುತ್ತದೆ. ಹಾಗಾಗಿ ನಿಮ್ಮ ವರದಿ ಹಳೆಯ ಸೋಂಕನ್ನು ತಿಳಿಸುತ್ತದೆಯೇ ಹೊರತು ಕೀಲುನೋವಿನ ಕಾರಣವನ್ನಲ್ಲ.

ಆದರೆ ನಿಮ್ಮ ಅನುಮಾನ ಬುಡವಿಲ್ಲದ್ದಲ್ಲ. ರುಮಟಾಯ್ಡ್ ಸಂಧಿವಾತದ ರೋಗಿಗಳ ರಕ್ತಕೋಶಗಳಲ್ಲಿ ಇಬಿವಿ ಪ್ರಮಾಣ ಆರೋಗ್ಯವಂತರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿದ್ದುದನ್ನು ಫ್ರಾನ್ಸಿನ ಸಂಶೋಧಕರು ಕಂಡಿದ್ದಾರೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಿಂದಲೇ ವೈರಸ್ ಹೆಚ್ಚಿತೇನೋ ಎಂದು ಕೇಳಬಹುದು. ಮೆಥೊಟ್ರೆಕ್ಸೇಟನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ವೈರಸ್ ಪ್ರಮಾಣ ಏರಿದ್ದು ಕಂಡುಬಂದಿಲ್ಲವಾದ್ದರಿಂದ ಆ ಆಕ್ಷೇಪಕ್ಕೆ ಬಲ ಸಾಲದು. ನನಗೆ ಇನ್ನೂ ಮಹತ್ವದ್ದೆನಿಸುವುದು ಹೋಲಿಕೆಯ ಸಾಕ್ಷ್ಯ. ಈ ರೋಗದ ಅಪಾಯ ಹೆಚ್ಚಿಸುವ ಎಚ್‌ಎಲ್‌ಎ ಜೀನ್ ರೂಪಿಸುವ ಪ್ರೋಟೀನಿನಲ್ಲಿರುವ ಐದು ಅಮೈನೋ ಆಮ್ಲಗಳ ಸಾಲೊಂದು ಇಬಿವಿಯ ಪ್ರೋಟೀನಿನಲ್ಲೂ ಹಾಗೆಯೇ ಇದೆ. ಅಲ್ಲದೆ, ನೀವು ಮಾಡಿಸಿರಬಹುದಾದ ಆಂಟಿ-ಸಿಸಿಪಿ ಪರೀಕ್ಷೆ ಹುಡುಕುವುದು ಸಿಟ್ರುಲಿನ್ ಇರುವಂತೆ ಮಾರ್ಪಟ್ಟ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳನ್ನು. ಇಂಥ ಪ್ರತಿಕಾಯಗಳು ಅದೇ ರೀತಿ ಮಾರ್ಪಟ್ಟ ಇಬಿವಿ ಪ್ರೋಟೀನಿನ ತುಣುಕುಗಳನ್ನೂ ಗುರುತಿಸಬಲ್ಲವು. ವೈರಸ್ಸಿನ ಮೇಲೆ ಹೊರಟ ದಾಳಿ ನಮ್ಮದೇ ಅಂಗಾಂಶದ ಮೇಲೂ ಬೀಳುವ ಸಾಧ್ಯತೆ ಇದರಿಂದ ಮೂಡುತ್ತದೆ.

ಎಲ್ಲರಿಗೂ ಸೋಂಕಿದ್ದರೆ ಎಲ್ಲರಿಗೂ ಸಂಧಿವಾತ ಏಕಿಲ್ಲ? ಗಟ್ಟಿಯಾದ ಆಕ್ಷೇಪ ಇದು. ರುಮಟಾಯ್ಡ್ ಸಂಧಿವಾತ ಬರುವುದು ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆ ಮಂದಿಗೋ. ಹೀಗಾಗಿ ವೈರಸ್ ಒಂದೇ ಸಾಲದು. ಜೀನು, ಧೂಮಪಾನ, ಬಹುಶಃ ವಸಡಿನ ಸೋಂಕು ಸೇರಬೇಕು. ಆದರೆ ತಾನೊಂದೇ ಸಾಲದ ಕಾರಣವೂ ಅವಶ್ಯಕ ಕಾರಣವಾಗಿರಬಲ್ಲದು. 2022ರಲ್ಲಿ ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವು, ಇಬಿವಿ ಸೋಂಕಿನ ನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಅಪಾಯ 32 ಪಟ್ಟು ಏರುವುದನ್ನು ತೋರಿಸಿತು. ಅಲ್ಲಿಯೂ ಸೋಂಕಿತರಲ್ಲಿ ರೋಗ ಬಂದದ್ದು ಕೆಲವೇ ಮಂದಿಗೆ. ಸಂಧಿವಾತದಲ್ಲಿ ಇಷ್ಟು ಬಲವಾದ ಸಾಕ್ಷ್ಯ ಇಲ್ಲದ ಕಾರಣ, ಇಬಿವಿಯನ್ನು ನಾನು ಅನುಮಾನಾಸ್ಪದ ಸಹಕಾರಿ ಎನ್ನುತ್ತೇನೆ, ಮೂಲ ಎನ್ನುವುದಿಲ್ಲ. ಬಿ ಕೋಶಗಳನ್ನು ಕಡಿಮೆ ಮಾಡುವ ರಿಟುಕ್ಸಿಮ್ಯಾಬ್ ಫಲ ಕೊಡುತ್ತದೆಂಬ ವಾದವೂ ವೈರಸ್ಸೇ ಮೂಲವೆಂಬುದನ್ನು ಸಾಬೀತು ಮಾಡದು. ಆ ಕೋಶಗಳು ಪ್ರತಿಕಾಯಗಳ ಮೂಲವೂ ಹೌದಲ್ಲವೇ?

ವೈರಸ್ಸಿಗೆ ಔಷಧ ಏಕೆ ಬೇಡವೆಂದರೆ, ಅಸೈಕ್ಲೋವಿರ್‌ನಂಥವು ವೈರಸ್ ತನ್ನ ಪ್ರತಿಗಳನ್ನು ಮಾಡುವಾಗ ಮಾತ್ರ ತಡೆಯುತ್ತವೆ, ಸುಪ್ತ ವೈರಸ್ಸನ್ನು ಮುಟ್ಟುವುದಿಲ್ಲ. ಇತ್ತ ಮೆಥೊಟ್ರೆಕ್ಸೇಟ್ ನಿಲ್ಲಿಸಿದರೆ ಉರಿಯೂತ ಮರಳಿ ಮೂಳೆ ಸವೆಯಬಹುದು, ಸವೆದದ್ದು ಮತ್ತೆ ಕೂಡದು. ನಿಮ್ಮ ಮಟ್ಟಿಗೆ ಗಮನಿಸಬೇಕಾದ ಸುಪ್ತ ವೈರಸ್ಸುಗಳು ಬೇರೆ. ಮುಂದೆ ರಿಟುಕ್ಸಿಮ್ಯಾಬ್ ಬೇಕಾದರೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಟೊಫಾಸಿಟಿನಿಬ್ ಎಂಬ ಔಷಧ ಸೂಚಿಸಿದರೆ, ಸೀತಾಳೆ ಸಿಡುಬಿನ (ಚಿಕನ್ ಪಾಕ್ಸ್) ನಂತರ ನರದಲ್ಲಿ ಉಳಿಯುವ ವೈರಸ್ಸಿನಿಂದ ಸರ್ಪಸುತ್ತು ಬರುವ ಅಪಾಯ ಹೆಚ್ಚು ಎಂಬುದನ್ನು ನೆನಪಿಟ್ಟು, ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.