ಪಾವಿನ ಲೆಕ್ಕಕ್ಕೆ ಇಳಿಯಬೇಕಾದ ಪೋಷಣೆಯ ಪಾಠ

1974ರಲ್ಲಿ ಧಾರವಾಡದಲ್ಲಿ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯವು ಆರಂಭವಾಯಿತು. ಇಂತಹ ಕಡೆ ಪೋಷಣಾ ವಿಜ್ಞಾನ ಕಲಿತವರು ಹಳ್ಳಿಗೆ ಹೋಗಿ ಬಂದಾಗ 'ಪಾಠ ಹೇಗಿತ್ತು?' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂಬ ಉತ್ತರ ಬರುವುದು ಸಹಜ. ಅದರಿಂದ ಪ್ರಯೋಜನವಿಲ್ಲ. 'ಯಾವ ಪಾಠ ಅಲ್ಲಿ ನಡೆಯಲಿಲ್ಲ?' ಎಂದೇ ಕೇಳಬೇಕು.

ಮೊಳಕೆ ರಾಗಿಯ ಸರಿಯನ್ನೇ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿರುತ್ತದೆ. ಮೊಳಕೆಯೊಡೆದಾಗ ಹೆಚ್ಚುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಪುಟ್ಟ ಹೊಟ್ಟೆಯ ಮಗುವಿಗೆ ಹೆಚ್ಚು ಶಕ್ತಿ ಸೇರುತ್ತದೆ. ಪ್ರಯೋಗಶಾಲೆಯಲ್ಲಿ ಇದು ಗ್ರಾಂ ಲೆಕ್ಕ. ಹಳ್ಳಿಯ ಅಡಿಗೆಮನೆಯಲ್ಲಿ ತಕ್ಕಡಿ ಎಲ್ಲಿದೆ? ಅಲ್ಲಿರುವುದು ಪಾವು, ಚಟಾಕು, ಹಿಡಿ. ಜಡಿಮಳೆಯಲ್ಲಿ ಮೊಳಕೆ ಒಣಗದೆ ಬೂಷ್ಟು ಹಿಡಿದರೆ ಅದನ್ನು ಮಗುವಿಗೆ ಕೊಡಲೇಬಾರದು. ಬಾಣಲೆಯಲ್ಲಿ ಅತಿಯಾಗಿ ಹುರಿದರೆ ಕಿಣ್ವವೇ ನಾಶವಾಗುತ್ತದೆ. ಕಳೆ ತೆಗೆಯುವ ದಿನಗಳಲ್ಲಿ ತಾಯಿಗೆ ಪುರುಸೊತ್ತಂತೂ ಇಲ್ಲ. ಈ ತೊಡಕುಗಳು ಅಧ್ಯಾಪಕರ ಕಿವಿಗೆ ಬಿದ್ದರೆ ಮಾತ್ರ ಮುಂದಿನ ತರಗತಿಯ ಪ್ರಾಯೋಗಿಕ ಪಾಠ ಪಾವಿನ ಲೆಕ್ಕಕ್ಕೆ, ಮಳೆಗಾಲದ ಒಣಗಿಸುವಿಕೆಗೆ ಇಳಿಯುತ್ತದೆ.

ಪದವೀಧರರನ್ನು ಕೇಳುವ ಬಗೆ ಬೇರೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಂತಹ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದವರಿಗೆ, ಕಲಿತದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತೆಂಬುದು ಗೊತ್ತಿರುತ್ತದೆ. ಈ ಕ್ಷೇತ್ರವನ್ನೇ ಬಿಟ್ಟವರನ್ನೂ ಕೇಳತಕ್ಕದ್ದು. ಸಾಮಾನ್ಯವಾಗಿ ಮರೆಯುವುದು ಅವರನ್ನೇ. ವಿದ್ಯಾರ್ಥಿಗಳನ್ನಾದರೆ ಹೆಸರು ಬರೆಸದೆ, ಅಂಕಗಳು ಪ್ರಕಟವಾದ ಮೇಲೆ ಕೇಳುವುದು ಲೇಸು. ಆಗ ಬರುವ ಉತ್ತರಗಳು 'ಚೆನ್ನಾಗಿತ್ತು' ಎಂಬಲ್ಲಿಗೆ ನಿಲ್ಲುವುದಿಲ್ಲ.