ಜೇಬಿನಲ್ಲೊಂದು ಗವಿ: ಒಬ್ಬರೇ ಆಡುವ ಇಸ್ಪೀಟು, ಅದರೊಳಗಿನ ಲೆಕ್ಕ

ನಮ್ಮಲ್ಲಿ ಹೆಚ್ಚಿನವರಿಗೆ ಇಸ್ಪೀಟು ಅಂದ್ರೆ ಸುತ್ತ ಕೂತು ಆಡೋ ರಮ್ಮಿ, ಇಲ್ಲವೇ ಕತ್ತೆ ಆಟ. ಆದರೆ ಇಲ್ಲಿ ನಾಲ್ಕು ಜನ ಒಂದೇ ಹೊತ್ತಿಗೆ ಬಿಡುವಾಗಿ ಸಿಗೋದು ಕಷ್ಟ. ಒಬ್ಬರಿಗೆ ಲ್ಯಾಬ್, ಇನ್ನೊಬ್ಬರಿಗೆ ಪಾರ್ಟ್‌ಟೈಮ್ ಕೆಲಸ. ಹಾಗಾಗಿ ಈ ಪಾಠದಲ್ಲಿ ಒಬ್ಬರೇ ಆಡಬಹುದಾದ ಆಟವೊಂದನ್ನು ಕಲಿಯೋಣ. ಹೆಸರು ಸ್ಕೌಂಡ್ರೆಲ್. ಝ್ಯಾಕ್ ಗೇಜ್ ಮತ್ತು ಕರ್ಟ್ ಬೀಗ್ ಇದನ್ನು 2011ರಲ್ಲಿ ರೂಪಿಸಿದರು. ಬೇಕಾದದ್ದು ಜೇಬಿನಲ್ಲಿ ಹಿಡಿಯುವ ಮಾಮೂಲಿ ಇಸ್ಪೀಟು ಕಟ್ಟು ಒಂದೇ.

ಇಸ್ಪೀಟು ಅಂದ ಕೂಡಲೇ ಮನೇಲಿ ಜೂಜು ಅಂತ ಬೈಯ್ತಾರೆ. ಇಲ್ಲಿ ದುಡ್ಡಿನ ಮಾತೇ ಇಲ್ಲ. ಪಣಕ್ಕಿಡುವುದು 20 ಅಂಕದ ‘ಜೀವ’ ಮಾತ್ರ. ಆದರೂ ಜೂಜಿನ ಮುಖ್ಯ ಪ್ರಶ್ನೆ ಇಲ್ಲೂ ಉಂಟು: ಇನ್ನೂ ಮುಂದೆ ಹೋಗಲೋ, ಇಷ್ಟಕ್ಕೆ ಸಾಕೋ? ಅದಕ್ಕೆ ಅದೃಷ್ಟವನ್ನು ನಂಬದೆ ಲೆಕ್ಕ ಹಾಕಿ ಉತ್ತರಿಸಬಹುದೇ ಅಂತ ನೋಡೋಣ.

ಎಲೆಗಳನ್ನು ಹೊಂದಿಸುವುದು

ಕಟ್ಟಿನಿಂದ ಜೋಕರ್‌ಗಳನ್ನೂ, ಕೆಂಪು ಎಲೆಗಳಲ್ಲಿ ಎಕ್ಕ, ರಾಜ, ರಾಣಿ, ಗುಲಾಮರನ್ನೂ ತೆಗೆದಿಡಿ. 44 ಎಲೆ ಉಳಿಯುತ್ತವೆ. ಅದೇ ನಮ್ಮ ಗವಿ.

- ಇಸ್ಪೀಟು, ಕಳಾವರ್ (26 ಎಲೆ): ರಕ್ಕಸರು. ಬೆಲೆ 2ರಿಂದ 14. ಗುಲಾಮ 11, ರಾಣಿ 12, ರಾಜ 13, ಎಕ್ಕ 14.
- ಡೈಮಂಡ್ (9 ಎಲೆ): ಆಯುಧಗಳು. ಬೆಲೆ 2ರಿಂದ 10.
- ಆಟೀನು (9 ಎಲೆ): ಮದ್ದು. ಬೆಲೆ 2ರಿಂದ 10.

ಆಟದ ಕ್ರಮ

ಎಲೆಗಳನ್ನು ಕಲಸಿ, ಮೇಲಿನ ನಾಲ್ಕನ್ನು ತೆರೆದಿಡಿ. ಇದು ಒಂದು ಕೋಣೆ. ನಾಲ್ಕರಲ್ಲಿ ಮೂರನ್ನು ನಿಮಗೆ ಬೇಕಾದ ಕ್ರಮದಲ್ಲಿ ಎದುರಿಸಬೇಕು. ಉಳಿದ ಒಂದಕ್ಕೆ ಹೊಸ ಮೂರು ಸೇರಿದರೆ ಮುಂದಿನ ಕೋಣೆ.

ರಕ್ಕಸನನ್ನು ಬರಿಗೈಯಲ್ಲಿ ಹೊಡೆದರೆ ಅವನ ಪೂರ್ತಿ ಬೆಲೆಯಷ್ಟು ಜೀವ ಹೋಗುತ್ತದೆ. ಆಯುಧವಿದ್ದರೆ ಅದರ ಬೆಲೆ ಕಳೆದು ಉಳಿದದ್ದಷ್ಟೇ ನಷ್ಟ. ಆದರೆ ಒಮ್ಮೆ ಬಳಸಿದ ಆಯುಧ ಮೊಂಡಾಗುತ್ತದೆ: ಹಿಂದೆ ಹೊಡೆದ ರಕ್ಕಸನಿಗಿಂತ ಚಿಕ್ಕವನಿಗೆ ಮಾತ್ರ ಅದು ಮತ್ತೆ ನಡೆಯುತ್ತದೆ. ಹೊಸ ಆಯುಧ ಎತ್ತಿಕೊಂಡರೆ ಹಳೆಯದನ್ನು ಬಿಡಲೇಬೇಕು. ಮದ್ದು ಜೀವವನ್ನು ಹೆಚ್ಚಿಸುತ್ತದೆ, ಆದರೆ 20 ದಾಟಿಸುವುದಿಲ್ಲ. ಒಂದು ಕೋಣೆಯಲ್ಲಿ ಒಂದೇ ಮದ್ದು ಫಲ ಕೊಡುತ್ತದೆ.

ಕೋಣೆ ಭಯಂಕರವಾಗಿದೆಯಾ? ಒಂದೂ ಎಲೆ ಮುಟ್ಟದೆ ನಾಲ್ಕನ್ನೂ ಕಟ್ಟಿನ ಅಡಿಗೆ ಹಾಕಿ ಓಡಿಹೋಗಬಹುದು. ಸತತ ಎರಡು ಕೋಣೆ ಮಾತ್ರ ಬಿಡುವಂತಿಲ್ಲ. ಗವಿ ಮುಗಿದಾಗ ಉಳಿದ ಜೀವವೇ ನಿಮ್ಮ ಅಂಕ.

ಮೊದಲು ಒಟ್ಟು ಲೆಕ್ಕ

ರಕ್ಕಸರ ಒಟ್ಟು ಬೆಲೆ 208. ಮದ್ದಿನ ಒಟ್ಟು ಬೆಲೆ 54. ನಮ್ಮ 20 ಸೇರಿಸಿದರೂ 74 ಅಷ್ಟೆ. ಅಂದರೆ ಗವಿ ದಾಟಿ ಜೀವ ಉಳಿಯಬೇಕಾದರೆ ಆಯುಧಗಳು ಕನಿಷ್ಠ 135 ಅಂಕದ ಪೆಟ್ಟು ತಡೆಯಬೇಕು. ಆಯುಧಗಳ ಒಟ್ಟು ಬೆಲೆಯೂ 54. ಒಂದು ಪೆಟ್ಟಿನಲ್ಲಿ ಆಯುಧ ತನ್ನ ಬೆಲೆಗಿಂತ ಹೆಚ್ಚು ತಡೆಯಲಾರದು. 135ನ್ನು 54ರಿಂದ ಭಾಗಿಸಿ: 2.5. ಸರಾಸರಿ ಪ್ರತಿ ಆಯುಧವೂ ಎರಡೂವರೆ ಸಲವಾದರೂ ಪೂರ್ತಿ ದುಡಿಯಬೇಕು!

ಇಡೀ ಆಟದ ಗುಟ್ಟು ಇದೇ. ಆಯುಧ ಸಿಕ್ಕಿದ ಕೂಡಲೇ ಕಣ್ಣಿಗೆ ಬಿದ್ದ ಚಿಕ್ಕ ರಕ್ಕಸನ ಮೇಲೆ ಬೀಸುವವರು ಅರ್ಧ ದಾರಿಯಲ್ಲೇ ಮುಗಿಯುತ್ತಾರೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು, ಅದಕ್ಕಾಗಿ ಕೆಲವು ಸಣ್ಣ ಪೆಟ್ಟುಗಳನ್ನು ಬೇಕಂತಲೇ ಬರಿಮೈಯಲ್ಲಿ ತಿನ್ನಬೇಕು.

ಒಂದು ಉದಾಹರಣೆ

ಮೊದಲ ಕೋಣೆ: ಡೈಮಂಡ್ 7, ಕಳಾವರ್ ಗುಲಾಮ, ಇಸ್ಪೀಟು 4, ಆಟೀನು 6. ಆಯುಧ ಎತ್ತಿಕೊಂಡು ಗುಲಾಮನನ್ನು ಹೊಡೆದೆವು. 11ರಲ್ಲಿ 7 ಕಳೆದರೆ 4, ಜೀವ 16. ಮೂರನೆಯ ಎಲೆಯಾಗಿ ಇಸ್ಪೀಟು 4 ಆರಿಸಿದೆವು ಅಂದುಕೊಳ್ಳಿ.

ಆಯುಧದಿಂದ ಹೊಡೆದರೆ ನಷ್ಟವಿಲ್ಲ, ಆದರೆ ಆಮೇಲೆ ಆ ಆಯುಧ 2, 3ಕ್ಕೆ ಮಾತ್ರ ಸರಿ. ಬರಿಗೈಯಲ್ಲಿ ಹೊಡೆದರೆ ಜೀವ 12ಕ್ಕೆ ಇಳಿಯುತ್ತದೆ, ಆಯುಧ 10ರವರೆಗೂ ನಡೆಯುತ್ತದೆ. ಯಾವುದು ಮೇಲು?

ಉಳಿದ 40 ಎಲೆಗಳಲ್ಲಿ 5ರಿಂದ 10ರವರೆಗಿನ ರಕ್ಕಸರು 12. ಅವರಲ್ಲಿ ಯಾರೇ ಬಂದರೂ ಆಯುಧ ಕನಿಷ್ಠ 5 ಅಂಕ ಉಳಿಸುತ್ತದೆ, ನಾವು ಕಳೆದುಕೊಂಡ 4ಕ್ಕಿಂತ ಹೆಚ್ಚು. ಮುಂದಿನ ಮೂರು ಎಲೆಗಳಲ್ಲಿ ಅವರಲ್ಲಿ ಒಬ್ಬರೂ ಬಾರದಿರುವ ಸಂಭವ ಎಷ್ಟು? ಮೊದಲ ಎಲೆಗೆ 28/40, ಎರಡನೆಯದಕ್ಕೆ 27/39, ಮೂರನೆಯದಕ್ಕೆ 26/38. ಗುಣಿಸಿದರೆ ಸುಮಾರು 0.33. ಅಂದರೆ ಮೂರರಲ್ಲಿ ಎರಡು ಸಲ ಮುಂದಿನ ಕೋಣೆಯಲ್ಲೇ ನಮ್ಮ 4 ಅಂಕ ಲಾಭಸಮೇತ ವಾಪಸ್ ಬರುತ್ತದೆ. ಹಾಗಾಗಿ ಪೆಟ್ಟು ತಿನ್ನುವುದೇ ಸರಿ. ಮೂರರಲ್ಲಿ ಒಂದು ಸಲ ಅದು ಕೈಕೊಡುತ್ತದೆ; ಆಗ ತೀರ್ಮಾನವೇ ತಪ್ಪು ಅಂದುಕೊಳ್ಳಬೇಡಿ. ಒಳ್ಳೆಯ ತೀರ್ಮಾನಕ್ಕೂ ಕೆಟ್ಟ ಫಲ ಬರಬಹುದು ಅನ್ನೋದು ಸಂಭವನೀಯತೆಯ ಮೊದಲ ಪಾಠ.

ಓಡಿಹೋದರೆ ಎಲ್ಲಿಗೆ?

ಬಿಟ್ಟುಹೋದ ಕೋಣೆ ಮಾಯವಾಗುವುದಿಲ್ಲ, ಕಟ್ಟಿನ ಅಡಿಯಲ್ಲಿ ಕಾಯುತ್ತಿರುತ್ತದೆ. ಎಕ್ಕ, ರಾಜರನ್ನೆಲ್ಲ ಹಿಂದಕ್ಕೆ ತಳ್ಳುತ್ತಾ ಬಂದರೆ ಕೊನೆಯ ಕೋಣೆಗಳಲ್ಲಿ ಅವರೇ ಸಾಲಾಗಿ ಎದುರಾಗುತ್ತಾರೆ. ಅಸೈನ್‌ಮೆಂಟ್‌ಗಳನ್ನು ಸೆಮಿಸ್ಟರ್ ಕೊನೆಗೆ ತಳ್ಳಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಡಿಗೆ ಹೋದ ಎಲೆಗಳು ಯಾವುವು ಅಂತ ನಮಗೆ ಗೊತ್ತಿರುತ್ತದೆ. ಅವನ್ನು ನೆನಪಿಟ್ಟು, ಒಂದು ಒಳ್ಳೆಯ ಆಯುಧವನ್ನು ಹರಿತವಾಗಿ ಉಳಿಸಿಕೊಂಡು ಹೋದರೆ ಓಡಿದ್ದೂ ಒಂದು ಉಪಾಯವೇ.

ನೀವೇ ಮಾಡಿ ನೋಡಿ

1. ಮೇಲಿನ ಉದಾಹರಣೆಯಲ್ಲಿ 4ರ ಬದಲು ಮದ್ದು ಕುಡಿದರೆ ಎಷ್ಟು ಅಂಕ ದಂಡ? ಆ ದಾರಿ ಯಾವಾಗ ಮೇಲು?
2. 10ಕ್ಕಿಂತ ದೊಡ್ಡ ರಕ್ಕಸರು ಎಂಟೇ ಎಲೆ. 208ರಲ್ಲಿ ಅವರ ಪಾಲೆಷ್ಟು?
3. ಹತ್ತು ಆಟ ಆಡಿ, ಪ್ರತಿ ಆಯುಧ ಎಷ್ಟು ಸಲ ದುಡಿಯಿತು ಅಂತ ಬರೆದಿಡಿ. ಸರಾಸರಿ ಎರಡೂವರೆಯ ಹತ್ತಿರ ಬಂತೇ?